ಕಾಲೇಜು ಮೇಷ್ಟ್ರು ಯಾರನ್ನು ಕೇಳಬೇಕು?

ಸೆಮಿಸ್ಟರಿನ ಆರನೇ ವಾರವೋ ಏಳನೇ ವಾರವೋ ನಡೆಯುತ್ತಿರುತ್ತದೆ. ತರಗತಿ ಮುಗಿಯಲು ಇನ್ನೂ 25 ನಿಮಿಷ ಇರುವಾಗಲೇ ಪ್ರೊಫೆಸರ್ ತಮ್ಮ ಪುಸ್ತಕ, ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗೆ ಹೋಗುತ್ತಾರೆ. ಹುಡುಗರು ಎಂದೂ ಕಂಡಿರದ ಒಬ್ಬರು ಒಳಗೆ ಬರುತ್ತಾರೆ. ಬಂದವರು ಮೊದಲು ಹೇಳುವುದು ಇಷ್ಟು: ನಾನು ನಿಮ್ಮ ವಿಭಾಗದವಳಲ್ಲ. ನಿಮಗೆ ಅಂಕ ಕೊಡುವವಳೂ ಅಲ್ಲ, ನಿಮ್ಮ ಪ್ರೊಫೆಸರಿಗೆ ಅಂಕ ಕೊಡುವವಳೂ ಅಲ್ಲ. ನಿಮ್ಮ ಹೆಸರು ನನಗೆ ಬೇಡ. ನೀವು ಹೇಳಿದ್ದು ಅವರೊಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಹೋಗುವುದಿಲ್ಲ.

ಆಮೇಲೆ ಹುಡುಗರು ನಾಲ್ಕೈದು ಜನರ ಗುಂಪಾಗಿ ಕೂತು ಮೂರು ಪ್ರಶ್ನೆಗೆ ಉತ್ತರ ಬರೆಯುತ್ತಾರೆ. ಈ ಕೋರ್ಸಿನಲ್ಲಿ ನಿಮ್ಮ ಕಲಿಕೆಗೆ ನೆರವಾಗುತ್ತಿರುವುದು ಏನು? ಅಡ್ಡ ಬರುತ್ತಿರುವುದು ಏನು? ಏನು ಬದಲಾದರೆ ಒಳ್ಳೆಯದು? ಬರೆದದ್ದನ್ನು ಗಟ್ಟಿಯಾಗಿ ಓದಬೇಕು; ಉಳಿದ ಗುಂಪುಗಳು ಒಪ್ಪುತ್ತವೆಯೇ ಎಂದು ಅಲ್ಲೇ ಕೇಳಲಾಗುತ್ತದೆ. ಈ ಹಂತವೇ ಇಡೀ ಕೆಲಸದ ತಿರುಳು. ‘ಪಾಠ ಬೋರು’ ಎಂದು ಬರೆದವರನ್ನು ಬಂದಾಕೆ ಸುಮ್ಮನೆ ಬಿಡುವುದಿಲ್ಲ. ಯಾವಾಗ ಬೋರು, ಯಾವ ಪಾಠದಲ್ಲಿ ಎಂದು ಕೆದಕುತ್ತಾರೆ. ಕೆದಕಿದಾಗ ಹೊರಬೀಳುವ ಮಾತು ಬೇರೆಯೇ ಆಗಿರುತ್ತದೆ: ಲೆಕ್ಕ ಬಿಡಿಸುವಾಗ ನಡುವಿನ ಎರಡು ಹಂತ ಹಾರಿಸಿಬಿಡುತ್ತಾರೆ, ಅಲ್ಲಿಂದ ಮುಂದೆ ನಾವು ಬರೀ ಬೋರ್ಡು ನೋಡಿ ಬರೆದುಕೊಳ್ಳುತ್ತೇವೆ. ಒಬ್ಬ ಹುಡುಗನ ಸಿಟ್ಟು, ಉಳಿದ ನಲವತ್ತು ಮಂದಿ ಒಪ್ಪದಿದ್ದರೆ, ಅಲ್ಲಿಯೇ ಕರಗುತ್ತದೆ. ಎಲ್ಲರೂ ಹೌದು ಎಂದದ್ದು ಉಳಿಯುತ್ತದೆ.

ಎರಡು ಮೂರು ದಿನದೊಳಗೆ ಆಕೆ ಮತ್ತು ಪ್ರೊಫೆಸರ್ ಬಾಗಿಲು ಮುಚ್ಚಿ ಮಾತಿಗೆ ಕೂರುತ್ತಾರೆ. ಮುಂದಿನ ತರಗತಿಯಲ್ಲಿ ಪ್ರೊಫೆಸರ್ ಹುಡುಗರಿಗೆ ನೇರವಾಗಿ ಹೇಳುತ್ತಾರೆ: ಇದನ್ನು ಬದಲಿಸುತ್ತೇನೆ, ಇದನ್ನು ಬದಲಿಸುವುದಿಲ್ಲ, ಕಾರಣ ಇದು. ಸೆಮಿಸ್ಟರು ಇನ್ನೂ ಅರ್ಧ ಬಾಕಿ ಇರುವುದರಿಂದ ದೂರಿದ ಹುಡುಗರಿಗೇ ಅದರ ಫಲ ಸಿಗುತ್ತದೆ. ಕೋರ್ಸು ಮುಗಿದ ಮೇಲೆ ತುಂಬಿಸಿಕೊಳ್ಳುವ ಫಾರಂಗೆ ಈ ಗುಣ ಇಲ್ಲ. ಅದರ ಲಾಭವೇನಿದ್ದರೂ ಮುಂದಿನ ವರ್ಷದವರಿಗೆ.

ಅಮೆರಿಕದ ನೂರಾರು ವಿಶ್ವವಿದ್ಯಾಲಯಗಳಲ್ಲಿ ಇಂದು ಇದು ಮಾಮೂಲಿ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೋಸೆಫ್ ಕ್ಲಾರ್ಕ್ ಎಂಬವರು 1970ರ ದಶಕದ ಕೊನೆಯ ಹೊತ್ತಿಗೆ ಈ ವಿಧಾನಕ್ಕೆ ರೂಪ ಕೊಟ್ಟರು. ಇದನ್ನು ನಡೆಸಿಕೊಡುವುದು ಬೋಧನಾ ಕೇಂದ್ರ ಎಂಬ ಸಣ್ಣ ಕಚೇರಿ. ಅದರಲ್ಲಿ ಕೆಲವು ಸಲಹೆಗಾರರು ಇರುತ್ತಾರೆ. ಪಾಠ ಮಾಡುವವರು ಯಾರೇ ಆಗಲಿ, ಮೊದಲ ಸೆಮಿಸ್ಟರಿನ ಸಂಶೋಧನಾ ವಿದ್ಯಾರ್ಥಿಯಾಗಲಿ ಮೂವತ್ತು ವರ್ಷ ಕಲಿಸಿದ ಹಿರಿಯರಾಗಲಿ, ಹೋಗಿ ‘ನನ್ನ ತರಗತಿ ಸರಿ ಹೋಗುತ್ತಿಲ್ಲ’ ಎನ್ನಬಹುದು. ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಇಂಥ ಕಚೇರಿ ಏಕೆ ಬೇಕಾಯಿತು ಎಂಬುದು ಅರ್ಥವಾಗಲು ನಮ್ಮ ಊರಿನ ಲೆಕ್ಕವೇ ಸಾಕು. ಒಂದನೇ ತರಗತಿಗೆ ಅ ಆ ಇ ಈ ಕಲಿಸಲು ಡಿ.ಎಡ್. ಆಗಿರಬೇಕು. ಹೈಸ್ಕೂಲಿಗೆ ಬಿ.ಎಡ್. ಪಿಯು ಉಪನ್ಯಾಸಕರಿಗೂ ಬಿ.ಎಡ್. ಕೇಳುತ್ತಾರೆ. ಪದವಿ ಕಾಲೇಜಿಗೆ ಬಂದಾಗ ಈ ಷರತ್ತು ಮಾಯ. ಸ್ನಾತಕೋತ್ತರ ಪದವಿ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಇದ್ದರೆ ಆಯಿತು. ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನೆಗೆಂದು ಒಂದು ಘಟಕ ಇದೆ ನಿಜ: 50 ಪ್ರಶ್ನೆಗಳಲ್ಲಿ ಐದು, ಅದೂ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವ ಬಗೆಯವು. ಅಮೆರಿಕದ ಕಥೆಯೂ ಇದೇ. ಪಿಎಚ್‌ಡಿ ಎಂಬುದು ಸಂಶೋಧನೆಯ ತರಬೇತಿ. ಎಂಬತ್ತು ಹುಡುಗರ ಎದುರು ನಿಲ್ಲುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ವಿಷಯ ಗೊತ್ತಿದ್ದವನಿಗೆ ಕಲಿಸಲು ತಾನಾಗಿ ಬರುತ್ತದೆ ಎಂಬ ನಂಬಿಕೆ ಎರಡೂ ಕಡೆ ಒಂದೇ.

ತಾನಾಗಿ ಬರದಿದ್ದಾಗ ಏನು ಮಾಡಬೇಕು ಎಂಬುದಕ್ಕೆ ಬಹುಕಾಲ ಉತ್ತರವೇ ಇರಲಿಲ್ಲ. ಸಂಶೋಧನೆಯಲ್ಲಿ ತಪ್ಪಿದರೆ ಸಹೋದ್ಯೋಗಿಗಳು ಓದಿ ತಿದ್ದುತ್ತಾರೆ, ವಿಚಾರ ಸಂಕಿರಣದಲ್ಲಿ ಎದ್ದು ನಿಂತು ಪ್ರಶ್ನಿಸುತ್ತಾರೆ. ತರಗತಿಯೊಳಗೆ ಬೇರೊಬ್ಬ ಅಧ್ಯಾಪಕ ಕಾಲಿಡುವುದೇ ಇಲ್ಲ. ಸ್ಟ್ಯಾನ್‌ಫರ್ಡ್‌ನ ಶಿಕ್ಷಣ ಚಿಂತಕ ಲೀ ಶುಲ್‌ಮನ್ 1993ರಲ್ಲಿ ಬರೆದ ಲೇಖನವೊಂದರಲ್ಲಿ ಈ ಒಂಟಿತನವನ್ನೇ ಎತ್ತಿ ಹೇಳಿದರು. ವಿಶ್ವವಿದ್ಯಾಲಯ ಸೇರುವಾಗ ಸಂಶೋಧನೆ ಏಕಾಂತದ ಕೆಲಸ, ಬೋಧನೆ ಜನರ ನಡುವಿನ ಕೆಲಸ ಎಂದುಕೊಂಡಿದ್ದವರಿಗೆ ಅನುಭವದಲ್ಲಿ ಸಿಕ್ಕಿದ್ದು ಇದರ ತಿರುವುಮುರುವು ಎಂಬುದು ಅವರ ಮಾತಿನ ಸಾರ. ನಮ್ಮ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಡಿಎ ಬಗ್ಗೆ, ವ್ಯಾಲ್ಯುಯೇಷನ್ ಡ್ಯೂಟಿ ಬಗ್ಗೆ, ವರ್ಗಾವಣೆ ಕೌನ್ಸೆಲಿಂಗ್ ಬಗ್ಗೆ ಗಂಟೆಗಟ್ಟಲೆ ಮಾತು ನಡೆಯುತ್ತದೆ. ‘ಇವತ್ತು ಎರಡನೇ ಪೀರಿಯಡ್ಡಿನಲ್ಲಿ ನನ್ನ ಪಾಠ ಒಬ್ಬರಿಗೂ ಹತ್ತಲಿಲ್ಲ’ ಎಂದು ಯಾರಾದರೂ ಹೇಳಿದ್ದುಂಟೆ?

ಈ ಮೌನವನ್ನು ಮುರಿಯಲು ಮೊದಲು ಕೈಹಾಕಿದ ಊರುಗಳಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್ ಒಂದು. ಅಲ್ಲಿನ ವಿಶ್ವವಿದ್ಯಾಲಯ 1962ರಲ್ಲಿಯೇ ಕಲಿಕೆ ಮತ್ತು ಬೋಧನೆಯ ಸಂಶೋಧನೆಗೆಂದು ಒಂದು ಕೇಂದ್ರ ತೆರೆಯಿತು. ಅಮೆರಿಕದಲ್ಲಿ ಈ ಬಗೆಯ ಮೊದಲ ಕೇಂದ್ರ ಅದು. ವಿಲ್ಬರ್ಟ್ ಮೆಕೀಚಿ ಎಂಬ ಮನಶ್ಶಾಸ್ತ್ರಜ್ಞರು ಅದೇ ವಿಶ್ವವಿದ್ಯಾಲಯದವರು. ಹೊಸದಾಗಿ ಪಾಠ ಮಾಡುವವರಿಗೆಂದು ಅವರು ಬರೆದ ‘ಟೀಚಿಂಗ್ ಟಿಪ್ಸ್’ ಎಂಬ ಕೈಪಿಡಿ 1950ರ ದಶಕದ ಆರಂಭದಿಂದ ಮತ್ತೆ ಮತ್ತೆ ಪರಿಷ್ಕರಣೆಯಾಗುತ್ತ ಬಂದಿದೆ. ಮೊದಲ ದಿನ ಏನು ಮಾಡಬೇಕು, ಚರ್ಚೆಯಲ್ಲಿ ಬಾಯಿ ಬಿಡದವರನ್ನು ಹೇಗೆ ಮಾತಾಡಿಸಬೇಕು ಎಂಬಂಥ ಸಣ್ಣ ಸಣ್ಣ ಸಂಗತಿಗಳ ಪುಸ್ತಕ ಅದು. ಪ್ರೊಫೆಸರುಗಳು ಇಂಥ ಪುಸ್ತಕವನ್ನು ಕಪಾಟಿನ ಹಿಂದಿನ ಸಾಲಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದು ನನ್ನ ಗುಮಾನಿ.

ಹತ್ತು ವರ್ಷದ ಬಳಿಕ, 1972ರಲ್ಲಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನಲ್ಲಿ ಕೆಲಾಗ್ ಪ್ರತಿಷ್ಠಾನದ ದುಡ್ಡಿನಿಂದ ಒಂದು ‘ಕ್ಲಿನಿಕ್’ ಶುರುವಾಯಿತು. ಅಧ್ಯಾಪಕರ ಜೊತೆ ಮೊದಲು ಮಾತು, ನಂತರ ತರಗತಿಯಲ್ಲಿ ಕೂತು ನೋಡುವುದು, ವಿಡಿಯೋ ತೆಗೆಯುವುದು, ವಿದ್ಯಾರ್ಥಿಗಳಿಂದ ಪ್ರಶ್ನಾವಳಿ ತುಂಬಿಸುವುದು, ಎಲ್ಲವನ್ನೂ ಮುಂದಿಟ್ಟುಕೊಂಡು ಇಬ್ಬರೂ ಕೂತು ಯೋಚಿಸುವುದು. ಈಗಿನ ಕೇಂದ್ರಗಳು ಮಾಡುವ ಕೆಲಸದ ಅಸ್ಥಿಪಂಜರ ಅಲ್ಲಿಯೇ ಸಿದ್ಧವಾಯಿತು. ಆ ಕಾಲದಲ್ಲಿ ಆಮ್ಹರ್ಸ್ಟ್‌ನ ಶಿಕ್ಷಣ ಶಾಲೆಯ ಡೀನ್ ಆಗಿದ್ದವರು ಡ್ವೈಟ್ ಆಲೆನ್. ನಮ್ಮ ಬಿ.ಎಡ್. ಕಾಲೇಜುಗಳಲ್ಲಿ ಓದಿದ ಯಾರಿಗೂ ಅವರ ಕೆಲಸ ಹೊಸದಲ್ಲ, ಹೆಸರು ಮರೆತಿರಬಹುದು ಅಷ್ಟೆ. 1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆಲೆನ್ ಮತ್ತು ಸಂಗಡಿಗರು ರೂಪಿಸಿದ ಮೈಕ್ರೋಟೀಚಿಂಗ್ ಎಂಬ ಅಭ್ಯಾಸವನ್ನು ಕರ್ನಾಟಕದ ಪ್ರತಿಯೊಬ್ಬ ಬಿ.ಎಡ್. ವಿದ್ಯಾರ್ಥಿಯೂ ದಾಟಿಯೇ ಬಂದಿರುತ್ತಾರೆ: ನಾಲ್ಕೈದು ನಿಮಿಷದ ಪಾಠ, ಒಂದೇ ಕೌಶಲ, ಕೂಡಲೇ ವಿಮರ್ಶೆ, ಮತ್ತೆ ಅದೇ ಪಾಠ. ಹೈಸ್ಕೂಲು ಮೇಷ್ಟ್ರಿಗೆ ದಕ್ಕಿದ ಈ ಸೌಲಭ್ಯ ಪದವಿ ಕಾಲೇಜಿನವರಿಗೆ ದಕ್ಕದೆ ಹೋದದ್ದು ವಿಚಿತ್ರ.

ಹಾರ್ವರ್ಡ್‌ನಲ್ಲಿ 1975ರಲ್ಲಿ ಇಂಥದ್ದೇ ಕೇಂದ್ರ ಬಂತು. ಆಗ ಅಧ್ಯಕ್ಷರಾಗಿದ್ದ ಡೆರೆಕ್ ಬಾಕ್ ಅವರ ಹೆಸರನ್ನು ಮುಂದೆ ಅದಕ್ಕೆ ಇಟ್ಟರು. 1976ರಲ್ಲಿ ಈ ಕೆಲಸ ಮಾಡುವವರೆಲ್ಲ ಸೇರಿ ಪಿಒಡಿ ನೆಟ್‌ವರ್ಕ್ ಎಂಬ ಸಂಘ ಕಟ್ಟಿಕೊಂಡರು. ಈ ಸಂಘದ ನೀತಿಸಂಹಿತೆಯಲ್ಲಿ ಗೌಪ್ಯತೆಗೆ ದೊಡ್ಡ ಜಾಗ ಇದೆ.

ಗೌಪ್ಯತೆ ಎಂದರೆ ಇಲ್ಲಿ ಏನು? ಸಾಮಾನ್ಯವಾಗಿ ಪಾಲಿಸುವ ಕಟ್ಟಳೆ ಹೀಗಿದೆ. ಯಾರು ಬಂದರು, ಏಕೆ ಬಂದರು ಎಂಬುದನ್ನು ಕೇಂದ್ರ ಯಾರಿಗೂ ಹೇಳುವುದಿಲ್ಲ. ವಿಭಾಗದ ಮುಖ್ಯಸ್ಥರೇ ಒಬ್ಬರನ್ನು ‘ಅಲ್ಲಿಗೆ ಹೋಗಿ ಬನ್ನಿ’ ಎಂದು ಕಳಿಸಿದ್ದರೂ, ಅವರು ಬಂದರೇ ಇಲ್ಲವೇ ಎಂದು ಮುಖ್ಯಸ್ಥರು ಫೋನು ಮಾಡಿ ಕೇಳಿದರೆ ಉತ್ತರ ಸಿಗುವುದಿಲ್ಲ; ಅವರನ್ನೇ ಕೇಳಿ ಎನ್ನುತ್ತಾರೆ. ತೆಗೆದ ವಿಡಿಯೋ, ಬರೆದ ವರದಿ ಅಧ್ಯಾಪಕರ ಸೊತ್ತು. ಅದನ್ನು ಬಡ್ತಿಯ ಅರ್ಜಿಗೆ ಲಗತ್ತಿಸಬೇಕೆನಿಸಿದರೆ ಅವರೇ ಲಗತ್ತಿಸಬಹುದು. ಕೇಂದ್ರ ತಾನಾಗಿ ಶಿಫಾರಸು ಪತ್ರ ಬರೆಯಲು ಹೋಗುವುದಿಲ್ಲ. ಒಳ್ಳೆಯದನ್ನು ಬರೆಯುವ ಅಭ್ಯಾಸ ಶುರುವಾದರೆ, ಬರೆಯದೆ ಉಳಿದದ್ದೇ ಕೆಟ್ಟ ಮಾತಾಗುತ್ತದೆಯಲ್ಲ! ಆಡಳಿತಕ್ಕೆ ಹೋಗುವ ವಾರ್ಷಿಕ ವರದಿಯಲ್ಲಿ ಇಷ್ಟು ಮಂದಿ ಬಂದರು ಎಂಬ ಒಟ್ಟು ಲೆಕ್ಕ ಇರುತ್ತದೆ, ಹೆಸರು ಇರುವುದಿಲ್ಲ. ಇದಕ್ಕೆ ಎಲ್ಲೆಯೂ ಇದೆ. ಲೈಂಗಿಕ ಕಿರುಕುಳದ ಸಂಗತಿಯೋ, ಯಾರದಾದರೂ ಜೀವಕ್ಕೆ ಅಪಾಯವಾಗುವ ಸಂಗತಿಯೋ ಕಿವಿಗೆ ಬಿದ್ದರೆ ಸಲಹೆಗಾರರು ಬಾಯಿ ಮುಚ್ಚಿಕೊಂಡು ಕೂರುವಂತಿಲ್ಲ, ಕಾನೂನು ಬಿಡುವುದಿಲ್ಲ. ಪಾಠದ ಗುಟ್ಟಿಗೆ ರಕ್ಷಣೆ ಉಂಟು, ಅಪರಾಧದ ಗುಟ್ಟಿಗೆ ಇಲ್ಲ.

ಇಷ್ಟೊಂದು ಬಿಗಿ ಏಕೆ ಎಂದು ಕೇಳಬಹುದು. ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ನಮ್ಮ ಹಿರಿಯರಿಗೆ ನೆನಪಿದೆ. ಹಿಂದಿನ ದಿನವೇ ಗೋಡೆಗೆ ಚಾರ್ಟು ಅಂಟಿಸಿ, ಕೇಳಬಹುದಾದ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಸಿ, ದಡ್ಡ ಎನಿಸಿಕೊಂಡ ಹುಡುಗನನ್ನು ಮನೆಯಲ್ಲೇ ಇರು ಎನ್ನುತ್ತಿದ್ದ ಕಾಲ. ಅಂದು ಇನ್‌ಸ್ಪೆಕ್ಟರು ಕಂಡದ್ದು ವರ್ಷದಲ್ಲಿ ಒಂದೇ ದಿನ ನಡೆಯುವ ಪಾಠವನ್ನು. ನೋಡಲು ಬಂದವರ ಕೈಯಲ್ಲಿ ನಮ್ಮ ಕೆಲಸದ ಹಣೆಬರಹ ಇದ್ದರೆ ನಾವು ತೋರಿಸುವುದು ನಮ್ಮ ಅತ್ಯುತ್ತಮ ಪಾಠವನ್ನೇ. ಆದರೆ ನೆರವು ಬೇಕಿರುವುದು ಅತ್ಯಂತ ಕೆಟ್ಟ ಪಾಠಕ್ಕೆ. ಅದನ್ನು ತೋರಿಸುವ ಧೈರ್ಯ ಬರಬೇಕಾದರೆ, ನೋಡಿದವರಿಗೆ ನಮ್ಮ ಕಡತದ ಮೇಲೆ ಯಾವ ಹಕ್ಕೂ ಇರಬಾರದು.

ಅಮೆರಿಕದ ಅಧ್ಯಾಪಕರಿಗೆ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ವಿದ್ಯಾರ್ಥಿಗಳು ಮೇಷ್ಟ್ರಿಗೆ ಅಂಕ ಕೊಡುವ ಫಾರಂ ಅಲ್ಲಿ ತೀರ ಹಳೆಯದು. ಪರ್ಡ್ಯೂ ವಿಶ್ವವಿದ್ಯಾಲಯದ ಹರ್ಮನ್ ರೆಮ್ಮರ್ಸ್ 1927ರಷ್ಟು ಹಿಂದೆಯೇ ಅಂಥದ್ದೊಂದು ಮಾಪಕ ಪ್ರಕಟಿಸಿದ್ದರು. 1970ರ ದಶಕದ ಹೊತ್ತಿಗೆ ಫಾರಮ್ಮಿನ ಅಂಕ ನೌಕರಿ ಕಾಯಂ ಆಗುವ ಕಡತಕ್ಕೆ ಸೇರತೊಡಗಿತು. ಶಿಕ್ಷಣ ಮೌಲ್ಯಮಾಪನದ ತಜ್ಞ ರಾಬರ್ಟ್ ಸ್ಟೇಕ್ ತಿದ್ದಲು ನೋಡುವುದಕ್ಕೂ ತೀರ್ಪು ಕೊಡಲು ನೋಡುವುದಕ್ಕೂ ಇರುವ ಅಂತರವನ್ನು ಅಡುಗೆಮನೆಯ ಮಾತಿನಲ್ಲಿ ಹೇಳಿದ್ದುಂಟು: ಸಾರು ಒಲೆಯ ಮೇಲಿರುವಾಗ ಅಡುಗೆಯವರು ರುಚಿ ನೋಡುವುದು ಒಂದು, ಎಲೆಗೆ ಬಡಿಸಿದ ಮೇಲೆ ಬಂದವರು ರುಚಿ ನೋಡುವುದು ಇನ್ನೊಂದು. ಮೊದಲನೆಯದರಲ್ಲಿ ಉಪ್ಪು ಹಾಕಲು ಅವಕಾಶ ಇದೆ.

ಬಡಿಸಿದ ಮೇಲಿನ ಈ ತೀರ್ಪು ಎಷ್ಟು ನಂಬಿಕೆಗೆ ಯೋಗ್ಯ ಎಂಬ ಪ್ರಶ್ನೆ ಅಲ್ಲಿ ಇನ್ನೂ ಬಿಸಿಯಾಗಿದೆ. ಇಲ್ಲಿ ಕನ್ನಡಿಗರಿಗೆ ಹತ್ತಿರದ ಒಂದು ಸಂಗತಿ ಇದೆ. ಬೆಂಗಳೂರು, ಮೈಸೂರು, ಸುರತ್ಕಲ್‌ಗಳಲ್ಲಿ ಎಂಜಿನಿಯರಿಂಗ್ ಮುಗಿಸಿ ಪಿಎಚ್‌ಡಿಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರಲ್ಲಿ ಹಲವರು ಟೀಚಿಂಗ್ ಅಸಿಸ್ಟೆಂಟ್ ಆಗಿ ಶುಲ್ಕ, ಬಾಡಿಗೆ ತೂಗಿಸುತ್ತಾರೆ. ಹೋದ ಕೆಲವೇ ವಾರದಲ್ಲಿ ಅಮೆರಿಕದ ಹುಡುಗರ ಎದುರು ನಿಂತು ಲೆಕ್ಕ ಬಿಡಿಸಬೇಕು. ಇವರ ಇಂಗ್ಲಿಷು ಅರ್ಥವಾಗುವುದಿಲ್ಲ ಎಂಬ ದೂರು 1980ರ ದಶಕದಿಂದಲೂ ಇದೆ. ಪೆನ್ಸಿಲ್ವೇನಿಯಾ ರಾಜ್ಯ 1990ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಈ ದೂರಿನ ಇನ್ನೊಂದು ಮುಖ ತೋರಿಸಿತು. ಅಮೆರಿಕದ ಹೆಣ್ಣುಮಗಳೊಬ್ಬಳ ದನಿಯಲ್ಲಿ ಧ್ವನಿಮುದ್ರಿಸಿದ ಒಂದೇ ಉಪನ್ಯಾಸವನ್ನು ಅವರು ಎರಡು ಗುಂಪಿಗೆ ಕೇಳಿಸಿದರು. ಒಂದು ಗುಂಪಿಗೆ ತೋರಿಸಿದ ಫೋಟೋ ಬಿಳಿಯ ಮಹಿಳೆಯದು, ಇನ್ನೊಂದಕ್ಕೆ ಏಷ್ಯಾದ ಮಹಿಳೆಯದು. ಏಷ್ಯಾದ ಮುಖ ನೋಡಿದವರಿಗೆ ಇಲ್ಲದ ಆಕ್ಸೆಂಟ್ ಕೇಳಿಸಿತು. ಸಾಲದ್ದಕ್ಕೆ, ಪಾಠವೂ ಕಡಿಮೆ ತಲೆಗೆ ಹೋಯಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಸಣ್ಣ ಪ್ರಯೋಗದಲ್ಲಿ, ಆನ್‌ಲೈನ್ ಕೋರ್ಸಿನ ಇಬ್ಬರು ಬೋಧಕರು ತಮ್ಮ ಹೆಸರನ್ನು ಅದಲು ಬದಲು ಮಾಡಿಕೊಂಡು ಕಲಿಸಿದರು. ಗಂಡು ಎಂದು ತಿಳಿದು ಕೊಟ್ಟ ಅಂಕ, ಹೆಣ್ಣು ಎಂದು ತಿಳಿದು ಕೊಟ್ಟ ಅಂಕಕ್ಕಿಂತ ಹೆಚ್ಚಿತ್ತು. ಉತ್ತರಪತ್ರಿಕೆಯನ್ನು ಎಷ್ಟು ಬೇಗ ಮರಳಿಸಿದರು ಎಂಬಂಥ ವಿಷಯದಲ್ಲೂ! ಕೆನಡಾದ ಟೊರಾಂಟೊದಲ್ಲಿ 2018ರಲ್ಲಿ ರೈಯರ್ಸನ್ ವಿಶ್ವವಿದ್ಯಾಲಯದ ಅಧ್ಯಾಪಕರ ಸಂಘ ಹೂಡಿದ ತಕರಾರಿನಲ್ಲಿ, ಇಂಥ ಅಂಕಗಳಿಂದ ಬೋಧನೆಯ ಪರಿಣಾಮವನ್ನು ಅಳೆದು ಬಡ್ತಿ ನಿರ್ಧರಿಸಕೂಡದು ಎಂದು ಪಂಚಾಯ್ತಿದಾರರು ತೀರ್ಪಿತ್ತರು.

ಹಾಗೆಂದು ಹುಡುಗರ ಮಾತನ್ನೇ ಕಸದ ಬುಟ್ಟಿಗೆ ಹಾಕಿದರೆ ಮೂರ್ಖತನ. ತರಗತಿಯಲ್ಲಿ ದಿನವೂ ಕೂರುವವರು ಅವರೇ. ಅವರ ಮಾತಿನಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸಲು ಇನ್ನೊಬ್ಬರ ಕಣ್ಣು ಬೇಕು, ಅಷ್ಟೆ. 1980ರಲ್ಲಿ ಪೀಟರ್ ಕೋಹೆನ್ ಎಂಬವರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ ಹೇಳಿದ್ದೂ ಇದನ್ನೇ. ನಡುಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳು ಕೊಟ್ಟ ಅಂಕವನ್ನು ಅಧ್ಯಾಪಕರ ಕೈಗಿಟ್ಟು ಸುಮ್ಮನಾದರೆ ಆಗುವ ಸುಧಾರಣೆ ಸಾಧಾರಣ. ಅದರ ಜೊತೆ ಒಬ್ಬರು ಕೂತು ಮಾತಾಡಿದರೆ ಫಲ ಗಣನೀಯವಾಗಿ ಹೆಚ್ಚು.

ಎರಿಕ್ ಮಜೂರ್ ಅವರ ಪ್ರಸಂಗ ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಕಥೆ, ಆದರೂ ಹೇಳದೆ ಇರಲಾಗದು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಇವರಿಗೆ ಹುಡುಗರು ಕೊಡುತ್ತಿದ್ದ ಅಂಕ ಚೆನ್ನಾಗಿತ್ತು. ಪರೀಕ್ಷೆಯ ಕಠಿಣ ಲೆಕ್ಕಗಳನ್ನೂ ಹುಡುಗರು ಬಿಡಿಸುತ್ತಿದ್ದರು. ಅರಿಜೋನಾದ ಇಬ್ಬರು ಭೌತಶಾಸ್ತ್ರಜ್ಞರು ಬಲ ಮತ್ತು ಚಲನೆಯ ಬಗ್ಗೆ ಮಾಡಿದ್ದ ಸರಳ ಪ್ರಶ್ನೆಗಳ ಪರೀಕ್ಷೆಯೊಂದನ್ನು 1990ರ ಸುಮಾರಿಗೆ ತಮ್ಮ ತರಗತಿಗೂ ಕೊಟ್ಟು ನೋಡಿದರು. ಭಾರದ ಲಾರಿ ಹಗುರ ಕಾರಿಗೆ ಗುದ್ದಿದರೆ ಯಾವುದರ ಮೇಲೆ ಹೆಚ್ಚು ಬಲ ಬೀಳುತ್ತದೆ ಎಂಬಂಥವು. ಆಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಮಜೂರ್ ಅವರ ನಿದ್ದೆ ಕೆಡಿಸಿತು: ನೀವು ಕಲಿಸಿದ ಪ್ರಕಾರ ಉತ್ತರ ಬರೆಯಲೇ, ನನಗೆ ನಿಜವಾಗಿ ಅನಿಸಿದ ಪ್ರಕಾರ ಬರೆಯಲೇ? ಫಲಿತಾಂಶ ನಿರಾಶೆ ತಂದಿತು. ಅಂಕ ಚೆನ್ನಾಗಿದ್ದ ಮೇಷ್ಟ್ರ ತರಗತಿಯಲ್ಲಿಯೂ ನ್ಯೂಟನ್ ತಲೆಗೆ ಹೋಗಿರಲಿಲ್ಲ. ಅವರು ಪಾಠದ ನಡುವೆ ಪ್ರಶ್ನೆ ಹಾಕಿ, ಪಕ್ಕದವರ ಜೊತೆ ವಾದ ಮಾಡಲು ಬಿಡುವ ಪದ್ಧತಿಗೆ ತಿರುಗಿದರು. 1997ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು.

ಈ ಬಗೆಯ ಬದಲಾವಣೆಗೆ ಆಮೇಲೆ ಗಟ್ಟಿ ಪುರಾವೆ ಸಿಕ್ಕಿತು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಜೋಡಿಸಿ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಸರಾಸರಿ ಶೇ 33.8 ಮಂದಿ ಫೇಲಾಗುತ್ತಿದ್ದರೆ, ಹುಡುಗರು ಕೈಹಚ್ಚಿ ಕಲಿಯುವ ತರಗತಿಗಳಲ್ಲಿ ಶೇ 21.8. ಆದರೆ 2019ರಲ್ಲಿ ಹಾರ್ವರ್ಡ್‌ನಿಂದಲೇ ಬಂದ ಪ್ರಯೋಗವೊಂದು ಇನ್ನೊಂದು ಕೊಕ್ಕೆ ತೋರಿಸಿತು. ಹೀಗೆ ಕಲಿತ ಹುಡುಗರು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು, ಆದರೆ ತಾವು ಕಲಿತದ್ದು ಕಡಿಮೆ ಎಂದು ಭಾವಿಸಿದರು. ನಯವಾಗಿ ಹರಿಯುವ ಉಪನ್ಯಾಸ ಕೇಳುವಾಗ ಎಲ್ಲ ಅರ್ಥವಾದಂತೆ ಇರುತ್ತದೆ. ತಾನೇ ಒದ್ದಾಡುವಾಗ ದಡ್ಡನಾದಂತೆ. ಅಂದರೆ, ಒಳ್ಳೆಯ ಬದಲಾವಣೆ ತಂದ ಮೇಷ್ಟ್ರಿಗೆ ಮೊದಲ ವರ್ಷ ಅಂಕ ಇಳಿಯುವ ಸಾಧ್ಯತೆ ಇದೆ. ಆ ಅಂಕ ಎಚ್‌ಒಡಿ ಮೇಜಿಗೆ ಹೋಗುವುದಾದರೆ ಯಾರು ತಾನೇ ಬದಲಾಗುತ್ತಾರೆ?

ಅಮೆರಿಕದ ಕೇಂದ್ರಗಳನ್ನು ಹೊಗಳಿ ಅಟ್ಟಕ್ಕೆ ಏರಿಸುವ ಅಗತ್ಯವಿಲ್ಲ. ಸ್ವಇಚ್ಛೆಯಿಂದ ಬರುವವರು ಹೆಚ್ಚಾಗಿ ಈಗಾಗಲೇ ಆಸಕ್ತಿ ಇರುವವರೇ. ಹಳದಿ ಹಾಳೆಯ ನೋಟ್ಸು ಹಿಡಿದು ಇಪ್ಪತ್ತು ವರ್ಷದಿಂದ ಅದನ್ನೇ ಓದುವವರು ಅತ್ತ ತಲೆ ಹಾಕುವುದಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. ಕ್ಲಿನಿಕ್ ಎಂಬ ಹೆಸರೇ ಆರಂಭದಲ್ಲಿ ಕಾಯಿಲೆಯವರ ಜಾಗ ಎಂಬ ಭಾವನೆ ಹುಟ್ಟಿಸಿತು. ಗುಟ್ಟಾಗಿ ನಡೆಯುವ ಕೆಲಸದ ಫಲವನ್ನು ತೋರಿಸುವುದೂ ಕಷ್ಟ. ಬಜೆಟ್ ಕಡಿತ ಬಂದಾಗ ಆಡಳಿತದವರು ಕೇಳುವುದು ಅದನ್ನೇ. ಇಷ್ಟಾದರೂ ಗೌಪ್ಯತೆಯನ್ನು ಸಡಿಲಿಸಿ ಹೆಚ್ಚು ಜನರನ್ನು ಕಡ್ಡಾಯವಾಗಿ ಕರೆಸೋಣ ಎಂಬ ದಾರಿಯನ್ನು ಹಳೆಯ ಕೇಂದ್ರಗಳು ಹಿಡಿದಿಲ್ಲ. ಅವು ಮಾಡಿದ ಲೆಕ್ಕ ಸರಿ ಎಂದೇ ನನಗೂ ಅನಿಸುತ್ತದೆ. ಕಡ್ಡಾಯ ಮಾಡಿದ ದಿನ ಬರುವವರ ಸಂಖ್ಯೆ ಏರುತ್ತದೆ, ಬಾಯಿ ಬಿಡುವವರ ಸಂಖ್ಯೆ ಇಳಿಯುತ್ತದೆ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಸಾವಿರಾರು ಉಪನ್ಯಾಸಕರು ಅಲ್ಲಿ ಓರಿಯೆಂಟೇಶನ್, ರಿಫ್ರೆಶರ್ ಕೋರ್ಸು ಮುಗಿಸಿದ್ದಾರೆ. ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರವಾಯಿತು, 2023ರಲ್ಲಿ ಮತ್ತೆ ಬದಲಾಗಿ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರವಾಯಿತು. ಬಡ್ತಿಗೆ ಈ ಕೋರ್ಸಿನ ಸರ್ಟಿಫಿಕೇಟ್ ಬೇಕು. ಅಲ್ಲಿ ಒಳ್ಳೆಯ ಉಪನ್ಯಾಸಗಳು ನಡೆಯುತ್ತವೆ, ಗೆಳೆತನ ಬೆಳೆಯುತ್ತದೆ, ಊಟವೂ ಚೆನ್ನಾಗಿರುತ್ತದೆ. ಆದರೆ ಚಿಕ್ಕನಾಯಕನಹಳ್ಳಿಯ ಪದವಿ ಕಾಲೇಜಿನಲ್ಲಿ ಬಿ.ಕಾಂ. ಮೊದಲ ಸೆಮಿಸ್ಟರಿನ ಹಿಂದಿನ ಬೆಂಚು ಏಕೆ ನಿದ್ದೆ ಹೋಗುತ್ತಿದೆ ಎಂದು ಅಲ್ಲಿಗೆ ಬಂದು ನೋಡುವ ವ್ಯವಸ್ಥೆ ಆ ಕೋರ್ಸಿನಲ್ಲಿ ಇಲ್ಲ.

ನಮ್ಮಲ್ಲಿ ಫೀಡ್‌ಬ್ಯಾಕ್ ಕೂಡ ಹೇರಳ. 1994ರಲ್ಲಿ ಬೆಂಗಳೂರಿನಲ್ಲಿಯೇ ನೆಲೆಯೂರಿದ ನ್ಯಾಕ್ ಸಂಸ್ಥೆ ಕಾಲೇಜುಗಳ ಗುಣಮಟ್ಟ ಅಳೆಯುವಾಗ ವಿದ್ಯಾರ್ಥಿಗಳ ಅಭಿಪ್ರಾಯ ಕೇಳುತ್ತದೆ. ಅದಕ್ಕಾಗಿ ಕಾಲೇಜುಗಳು ಗೂಗಲ್ ಫಾರಂ ಹಂಚುತ್ತವೆ, ಪೈ ಚಾರ್ಟು ಮಾಡುತ್ತವೆ, ಫೈಲಿಗೆ ಹಾಕುತ್ತವೆ. ಕೆಲವು ಖಾಸಗಿ ಕಾಲೇಜುಗಳಲ್ಲಿ ಅಂಕ ಇಂತಿಷ್ಟಕ್ಕಿಂತ ಕೆಳಗಿಳಿದರೆ ಮೆಮೋ ಬರುತ್ತದೆ. ತರಗತಿಯ ಸಿಸಿಟಿವಿ ಪ್ರಾಂಶುಪಾಲರ ಕೊಠಡಿಯ ಪರದೆಯಲ್ಲಿ ಕಾಣುವ ಕಾಲೇಜುಗಳೂ ಇವೆ. ಹುಡುಗರೂ ಲೆಕ್ಕ ತಿಳಿದವರೇ. ಇಂಟರ್ನಲ್ಸ್ ಅಂಕ ಮೇಷ್ಟ್ರ ಕೈಯಲ್ಲಿರುವಾಗ ಎಲ್ಲಕ್ಕೂ ‘ಎಕ್ಸಲೆಂಟ್’ ಒತ್ತಿ ಮುಗಿಸುತ್ತಾರೆ. ಇಷ್ಟೆಲ್ಲ ಕಣ್ಣಿನ ನಡುವೆ ಸಹಾಯ ಮಾಡುವ ಕಣ್ಣು ಒಂದೂ ಇಲ್ಲ.

ಹೆಚ್ಚು ಹೆದರಿಕೆ ಇರುವುದು ಅತಿಥಿ ಉಪನ್ಯಾಸಕರಿಗೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದೇ ಹತ್ತು ಸಾವಿರಕ್ಕೂ ಮೀರಿದ ಇವರ ಹೆಗಲ ಮೇಲೆ. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು ಇರುತ್ತದೋ ಇಲ್ಲವೋ ಎಂದು ಎಣಿಸುತ್ತ ಕೂರುವವರು ‘ನನಗೆ ಈ ತರಗತಿ ನಿಭಾಯಿಸಲು ಆಗುತ್ತಿಲ್ಲ’ ಎಂದು ಯಾರ ಎದುರು ಹೇಳಿಯಾರು? ತರಗತಿಯೋ ಸುಲಭದ್ದಲ್ಲ. ಪಿಯುವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ, ಇಂಗ್ಲಿಷ್ ಮಾಧ್ಯಮದ ಹುಡುಗ ಒಂದೇ ಬೆಂಚಿನಲ್ಲಿ. ಪಾಠ ಇಂಗ್ಲಿಷಿನಲ್ಲಿ ಮಾಡಿದರೆ ಅರ್ಧ ಜನಕ್ಕೆ ಹೋಗದು, ಕನ್ನಡದಲ್ಲಿ ಮಾಡಿದರೆ ಪರೀಕ್ಷೆಗೆ ಬರೆಯಲು ಬಾರದು. ಕೊನೆಗೆ ಉಳಿಯುವ ದಾರಿ ನೋಟ್ಸು ಬರೆಸುವುದು. ಯಾವ ಪದಕ್ಕೆ ಕನ್ನಡ, ಎಲ್ಲಿ ಇಂಗ್ಲಿಷ್, ಎಷ್ಟು ಹೊತ್ತು ಬರೆಸುವುದು, ಎಲ್ಲಿ ನಿಲ್ಲಿಸಿ ಕೇಳುವುದು ಎಂಬ ಜಾಣ್ಮೆ ನಮ್ಮ ಎಷ್ಟೋ ಅನುಭವಿ ಮೇಷ್ಟ್ರುಗಳ ಬಳಿ ಇದೆ. ಪಕ್ಕದ ಕೊಠಡಿಯ ಹೊಸಬರಿಗೆ ಅದು ದಾಟುವುದಿಲ್ಲ.

ಅದನ್ನು ದಾಟಿಸಲು ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ತಿಪಟೂರಿನ ಕಾಲೇಜಿನ ಒಬ್ಬ ಹಿರಿಯರು ತುಮಕೂರಿಗೆ, ತುಮಕೂರಿನವರು ತಿಪಟೂರಿಗೆ ಸೆಮಿಸ್ಟರಿಗೆ ಎರಡು ಸಲ ಹೋಗಿ ಬರಲು ಅನ್ಯ ಕಾರ್ಯ ನಿಮಿತ್ತದ (ಒಒಡಿ) ಅನುಮತಿ ಕೊಟ್ಟರೆ ಸಾಕು. ಬೇರೆ ಕಾಲೇಜಿನವರಾದ್ದರಿಂದ ಅವರಿಗೆ ಇವರ ಕಡತದ ಹಂಗಿಲ್ಲ. ಜೊತೆಗೆ ಒಂದು ಪುಟದ ಆದೇಶ ಬೇಕು: ಈ ಭೇಟಿಯ ವರದಿಯನ್ನು ಪ್ರಾಂಶುಪಾಲರು ಕೇಳುವಂತಿಲ್ಲ, ನ್ಯಾಕ್ ಕಡತಕ್ಕೆ ಸೇರಿಸುವಂತಿಲ್ಲ, ಬಡ್ತಿಗಾಗಲಿ ಮರುನೇಮಕಕ್ಕಾಗಲಿ ಬಳಸುವಂತಿಲ್ಲ. ಕಾಲೇಜು ಶಿಕ್ಷಣ ಇಲಾಖೆ ಹೊರಡಿಸುವ ಸುತ್ತೋಲೆಗಳಲ್ಲಿ ಮಾಹಿತಿ ಕೇಳುವುದೇ ಹೆಚ್ಚು. ಮಾಹಿತಿ ಕೇಳಕೂಡದು ಎನ್ನುವ ಸುತ್ತೋಲೆಯನ್ನೂ ಒಮ್ಮೆ ಹೊರಡಿಸಿ ನೋಡಲಿ.

ಅಲ್ಲಿಯವರೆಗೆ ಉಪನ್ಯಾಸಕ ಮಿತ್ರರು ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಆರನೇ ವಾರದಲ್ಲಿ ಒಂದು ದಿನ, ಪಾಠ ಐದು ನಿಮಿಷ ಮೊದಲೇ ನಿಲ್ಲಿಸಿ ಅರ್ಧ ಹಾಳೆ ಹಂಚಿ. ಹೆಸರು ಬೇಡ, ಕನ್ನಡವೋ ಇಂಗ್ಲಿಷೋ ಅವರಿಷ್ಟ. ಯಾವುದು ಅರ್ಥವಾಗುತ್ತಿದೆ, ಯಾವುದು ಆಗುತ್ತಿಲ್ಲ, ಎರಡೇ ಪ್ರಶ್ನೆ. ಚೀಟಿಗಳನ್ನು ಮನೆಗೆ ಒಯ್ದು ಓದಿ, ನೀವು ನಂಬುವ ಒಬ್ಬ ಸಹೋದ್ಯೋಗಿಯ ಕೈಗೆ ಕೊಟ್ಟು ಅವರೂ ಓದಲಿ. ಮರುದಿನ ತರಗತಿಯಲ್ಲಿ ಒಂದನ್ನಾದರೂ ಬದಲಿಸಿ, ಬದಲಿಸಿದ್ದೇನೆ ಎಂದು ಹುಡುಗರಿಗೆ ಹೇಳಿ. ಆ ಚೀಟಿಗಳನ್ನು ಕಾಲೇಜಿನ ಗುಣಮಟ್ಟ ಖಾತರಿ ಕೋಶದವರು (ಐಕ್ಯೂಎಸಿ) ಕೇಳಿದರೆ ಮಾತ್ರ ಕೊಡಬೇಡಿ.